ಒಂದು ಕಣ್ಣು ಸರದಿಯಲ್ಲಿ, ಇನ್ನೊಂದು ಬಿಲ್ಲಿನಲ್ಲಿ

ನನಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿನ ಆಪರೇಶನ್ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು, ಎಡಗಣ್ಣಿನದು ಖಾಸಗಿಯಲ್ಲಿ. ಹೋಲಿಸಿ ನೋಡೋಣ ಅಂತ ಬೇಕೆಂದೇ ಮಾಡಿದ್ದಲ್ಲ. ಮೊದಲನೆಯದಕ್ಕೆ ಕಾದು ಕಾದು ಸುಸ್ತಾಗಿ, ಎರಡನೆಯದಕ್ಕೆ ದುಡ್ಡು ಕೊಟ್ಟೆ, ಅಷ್ಟೇ. ಆಮೇಲಿಂದ ಪೊರೆ ಬಂದ ಸ್ನೇಹಿತರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಎಷ್ಟು ದಿನ ಕಾಯಬೇಕು, ಇಲ್ಲಿ ಎಷ್ಟು ಖರ್ಚು?" ಎರಡಕ್ಕೂ ಒಂದೊಂದು ಅಂಕಿ ಹೇಳಿ ಮುಗಿಸಬಹುದು. ಆದರೆ ನನಗೆ ಮೊದಲು ಹೇಳಿದ ಎರಡು ಅಂಕಿಗಳೂ ಅರ್ಧಂಬರ್ಧ ಆಗಿದ್ದವು.

ಕಾಯುವ ವಿಷಯ ಮೊದಲು. ಸರ್ಕಾರಿ ಆಸ್ಪತ್ರೆಯ ಕೌಂಟರಿನಲ್ಲಿ "ಸುಮಾರು ನಾಲ್ಕು ತಿಂಗಳು" ಅಂದರು. ಪರವಾಗಿಲ್ಲ ಅನ್ನಿಸಿತು. ಆಮೇಲೆ ಗೊತ್ತಾಯಿತು, ಆ ನಾಲ್ಕು ತಿಂಗಳು ಶುರುವಾಗುವುದು ಆಪರೇಶನ್ ಪಟ್ಟಿಯಲ್ಲಿ ಹೆಸರು ಬಿದ್ದ ದಿನದಿಂದ. ಹೆಸರು ಬೀಳಬೇಕಾದರೆ ಕಣ್ಣಿನ ಡಾಕ್ಟರು ನೋಡಬೇಕು. ಅವರು ನೋಡುವುದಕ್ಕೇ ಇನ್ನೊಂದು ಸರದಿ. ನನಗೆ ಆ ಮೊದಲ ಸರದಿಯೇ 11 ವಾರ ಹಿಡಿಯಿತು. ಎರಡನೆಯದು 16 ವಾರ. ಆಪರೇಶನ್ ದಿನ ಬೆಳಗ್ಗೆ ಹೋದರೆ ನನಗೆ ಕೆಮ್ಮು. ಕಣ್ಣೊಳಗೆ ಉಪಕರಣ ಇರುವಾಗ ಕೆಮ್ಮಿದರೆ ಅಪಾಯ ಅಂತ ವಾಪಸ್ ಕಳಿಸಿದರು. ಅವರದ್ದೇನೂ ತಪ್ಪಿಲ್ಲ, ಆದರೂ 3 ವಾರ ಹೋಯಿತು. ಒಟ್ಟು 30 ವಾರ. ನಾಲ್ಕು ತಿಂಗಳು ಅಂದಿದ್ದು ಏಳು ತಿಂಗಳಾಯಿತು.

ಆ ಏಳು ತಿಂಗಳು ಪುಕ್ಕಟೆ ಅಂತ ಅಂದುಕೊಳ್ಳಬೇಡಿ. ಪೊರೆಯಲ್ಲಿ ಹಲವು ಬಗೆ ಇದೆ. ನನ್ನದು ಕಣ್ಣೊಳಗಿನ ಲೆನ್ಸಿನ ನಡುಭಾಗ ಗಟ್ಟಿಯಾಗುತ್ತಾ ಹೋಗುವ ಬಗೆ. ಅದರಲ್ಲಿ ಮಂಜಾಗುವುದರ ಜೊತೆಗೆ ಮೈನಸ್ ನಂಬರೂ ಏರುತ್ತದೆ. ನನ್ನ ಕನ್ನಡಕ ಮೈನಸ್ 5ರಿಂದ 6ಕ್ಕೆ ಹೋಯಿತು. ನಡುವೆ ಹೊಸ ಗ್ಲಾಸು ಹಾಕಿಸಿದೆ. ಆಪರೇಶನ್ ಆದ ಮೇಲೆ ಅದು ಡ್ರಾಯರಿಗೆ ಸೇರಿತು. ಓಡಾಟ ಒಂಬತ್ತು ಸಲ. ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿದ ದಿನಗಳಲ್ಲಿ ಒಬ್ಬನೇ ಬರುವಂತಿಲ್ಲ, ಮಗಳು ಐದು ಸಲ ರಜೆ ಹಾಕಿದಳು. ರಾತ್ರಿ ಗಾಡಿ ಓಡಿಸುವುದನ್ನು ನಾನೇ ಬಿಟ್ಟೆ, ಎದುರಿನ ದೀಪಗಳೆಲ್ಲ ಹೂವಿನ ಹಾಗೆ ಅರಳಿ ರಸ್ತೆಯನ್ನೇ ಮುಚ್ಚುತ್ತಿದ್ದವು. ಒಂದು ಸಂಜೆ ಮೆಟ್ಟಿಲಿನ ಕೊನೆಯ ಹಂತ ಮುಗಿಯಿತು ಅಂದುಕೊಂಡು ಕಾಲಿಟ್ಟೆ. ಇನ್ನೊಂದು ಹಂತ ಇತ್ತು. ಮೊಣಕಾಲು ತರಚಿಕೊಂಡು ಬಚಾವಾದೆ. ಸೊಂಟ ಮುರಿದಿದ್ದರೆ ಈ ಹೋಲಿಕೆಯೇ ಬೇರೆ ಥರ ಇರುತ್ತಿತ್ತು.

"ಪೊರೆ ಬಲಿಯಲಿ, ಆಮೇಲೆ ತೆಗೆಸು" ಅಂತ ಈಗಲೂ ಹೇಳುವವರಿದ್ದಾರೆ. ಅದು ಹಳೇ ಕಾಲದ ಲೆಕ್ಕ. ಈಗಿನ ಫೇಕೋ ವಿಧಾನದಲ್ಲಿ 2ರಿಂದ 3 ಮಿಲಿಮೀಟರ್ ಸೀಳು ಮಾಡಿ, ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಒಡೆದು ಹೀರಿ ತೆಗೆಯುತ್ತಾರೆ. ಪೊರೆ ಗಟ್ಟಿಯಾದಷ್ಟೂ ಒಡೆಯಲು ಕಂಪನ ಜಾಸ್ತಿ ಬೇಕು. ತುಂಬ ಬಲಿತುಬಿಟ್ಟರೆ 6–7 ಮಿಲಿಮೀಟರ್ ಸೀಳಿನ ಇನ್ನೊಂದು ವಿಧಾನಕ್ಕೆ ಹೋಗುತ್ತಾರೆ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ, ಫಲಿತಾಂಶವೂ ಚೆನ್ನಾಗಿಯೇ ಬರುತ್ತದೆ. ಸುಮ್ನೆ ಹೆದರಬೇಕಿಲ್ಲ, ಆದರೆ ಬಲಿಯಲಿ ಅಂತ ಬೇಕೆಂದೇ ಕಾಯುವುದರಲ್ಲಿ ಏನೂ ಲಾಭವಿಲ್ಲ.

ಇನ್ನು ಆಪರೇಶನ್. ಇದರ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ವ್ಯತ್ಯಾಸ ಕಡಿಮೆ. ಸರ್ಕಾರಿಯಲ್ಲಿ ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದರು. ಖಾಸಗಿಯಲ್ಲಿ ಬರೀ ಹನಿ. ಎರಡರಲ್ಲೂ ನೋವಾಗಲಿಲ್ಲ. ಮುಖದ ಮೇಲೆ ಬಟ್ಟೆ, ತಲೆಯ ಮೇಲೆ ಬೆಳಕು, ಕೆನ್ನೆಯ ಪಕ್ಕ ನೀರು ಇಳಿಯುವ ತಣ್ಣನೆ ಅನುಭವ. ಯಂತ್ರ ಒಮ್ಮೆ ಸಣ್ಣ ಸ್ವರದಲ್ಲಿ, ಒಮ್ಮೆ ದಪ್ಪ ಸ್ವರದಲ್ಲಿ ಗುಂಯ್‌ಗುಡುತ್ತಿತ್ತು. ಹಳೇ ಲೆನ್ಸ್ ಹೋದ ಕ್ಷಣ ಬೆಳಕು ಕಲಸಿದ ಬಣ್ಣದ ಹಾಗೆ ಹರಡಿತು. ಹೊಸದು ಮಡಿಚಿಕೊಂಡು ಒಳಗೆ ಹೋಗಿ ಬಿಚ್ಚಿಕೊಂಡಾಗ ಏನೋ ಒಂದು ಅಂಚು ಹಾದುಹೋದಂತಾಯಿತು. ಇಪ್ಪತ್ತು ನಿಮಿಷದೊಳಗೆ ಎರಡೂ ಕಡೆ ಮುಗಿಯಿತು. ಎರಡೂ ಕಡೆ ಅದೇ ದಿನ ಮನೆಗೆ.

ಸರ್ಕಾರಿ ಆಪರೇಶನ್ ಥಿಯೇಟರಿನಲ್ಲಿ ಒಂದು ಮಾತು ಕೇಳಿಸಿತು: "ನಿಧಾನ, ಈಗ ತಿರುಗಿಸು." ಕಲಿಯುತ್ತಿದ್ದ ಡಾಕ್ಟರಿಗೆ ಹಿರಿಯರು ಹೇಳುತ್ತಿದ್ದರು ಅಂತ ಅರ್ಥವಾಗಿ ಎದೆ ಒಮ್ಮೆ ಝಲ್ಲೆಂದಿತು. ಆಮೇಲೆ ಯೋಚಿಸಿದೆ, ಖಾಸಗಿಯಲ್ಲಿ ನನ್ನ ಎಡಗಣ್ಣು ಮುಟ್ಟಿದವರೂ ಎಲ್ಲೋ ಹೀಗೇ ಕಲಿತವರಲ್ವಾ? ನೀವು ಯಾರ ಕೈಯಲ್ಲಿ ಅಂತ ಮೊದಲೇ ಕೇಳಬಹುದು. ನಾನು ಕೇಳಿರಲಿಲ್ಲ.

ಬಲಗಣ್ಣಿನ ಕಟ್ಟು ಬಿಚ್ಚಿದ ದಿನ ಗೋಡೆ ನೀಲಿಯಾಗಿ ಕಂಡಿತು. ಮನೆಗೆ ಬಂದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಎಡಗಣ್ಣಿಗೆ ಬಿಳಿ ಗೋಡೆ ಹಳೇ ಪುಸ್ತಕದ ಹಾಳೆಯ ಬಣ್ಣ. ಬಲಗಣ್ಣಿಗೆ ಅಪ್ಪಟ ಬಿಳಿ, ಸ್ವಲ್ಪ ನೀಲಿಯೇ. ಇಷ್ಟು ವರ್ಷ ಹಳದಿ ಗಾಜಿನ ಹಿಂದೆ ಕೂತಿದ್ದೆ ಅಂತ ಆಗ ಗೊತ್ತಾಯಿತು.

ಖುಷಿ ಎರಡು ದಿನ. ಮೂರನೇ ದಿನ ಯಾರೂ ಎಚ್ಚರಿಸದ ಕಷ್ಟ ಶುರುವಾಯಿತು. ಬಲಗಣ್ಣಿಗೆ ದೂರಕ್ಕೆ ಕನ್ನಡಕವೇ ಬೇಡ. ಎಡಗಣ್ಣಿಗೆ ಮೈನಸ್ 6. ಹಳೇ ಕನ್ನಡಕದ ಬಲಗಾಜು ತೆಗೆಸಿ ಹಾಕಿಕೊಂಡರೆ ಎರಡು ಕಣ್ಣಿಗೂ ಬೇರೆ ಬೇರೆ ಗಾತ್ರದ ಚಿತ್ರ. ಮೈನಸ್ ಗಾಜು ವಸ್ತುವನ್ನು ಚಿಕ್ಕದು ಮಾಡಿ ತೋರಿಸುತ್ತದೆ, ಮಿದುಳು ಎರಡನ್ನೂ ಸೇರಿಸಲಾರದು. ತಲೆ ಸುತ್ತು, ವಾಕರಿಕೆ. ಕನ್ನಡಕ ತೆಗೆದರೆ ಒಂದು ಕಣ್ಣು ಮಾತ್ರ ಕೆಲಸಕ್ಕೆ. ನೀರು ಹಾಕಲು ಹೋದರೆ ಲೋಟದ ಪಕ್ಕಕ್ಕೆ ಹಾಕುತ್ತಿದ್ದೆ. ಎಡಗಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಚಿತ್ರದ ಗಾತ್ರ ಹೆಚ್ಚು ಕಡಿಮೆ ಸರಿಹೋಗುತ್ತದೆ. ಹಾಕಿಯೂ ನೋಡಿದೆ. ಆದರೆ ನನ್ನ ಕಣ್ಣು ಒಣಗಿ ಉರಿಯುತ್ತಿತ್ತು.

ಎರಡನೇ ಕಣ್ಣು ಯಾವಾಗ ಅಂತ ಕೇಳಿದೆ. "ಮತ್ತೆ ಪಟ್ಟಿಯಲ್ಲಿ ಹೆಸರು ಬರಬೇಕು, ಐದು ತಿಂಗಳು ಆಗಬಹುದು" ಅಂದರು. ಎಲ್ಲ ಕಡೆ ಹೀಗಿಲ್ಲ. ಕೆಲವು ಕಡೆ ಎರಡು ಕಣ್ಣಿಗೂ ಒಟ್ಟಿಗೇ ಹೆಸರು ಬರೆದುಕೊಳ್ಳುತ್ತಾರೆ. ಇನ್ನು ಕೆಲವು ಕಡೆ ನನ್ನಂಥ ದೊಡ್ಡ ನಂಬರಿನವರನ್ನು ಮುಂದಕ್ಕೆ ಹಾಕುತ್ತಾರೆ. ಮೊದಲ ದಿನವೇ ಇದನ್ನು ಕೇಳಿಕೊಂಡಿದ್ದರೆ ನನ್ನ ಲೆಕ್ಕ ಬೇರೆ ಇರುತ್ತಿತ್ತು. ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಜ್ಜಿಯೊಬ್ಬರಿಗೂ ಎರಡನೇ ಕಣ್ಣಿಗೆ ಅಷ್ಟೇ ದಿನ ಹೇಳಿದ್ದರು. ಅವರು ಹಾಯಾಗಿದ್ದರು. "ನಂಗೇನಪ್ಪಾ, ಒಂದು ಕಣ್ಣು ಬಂತಲ್ಲ, ಸಾಕು ಸದ್ಯಕ್ಕೆ." ಅವರಿಗೆ ಮೊದಲಿಂದಲೂ ದೂರದ ಕನ್ನಡಕವೇ ಇರಲಿಲ್ಲವಂತೆ. ಅದೇ ಐದು ತಿಂಗಳು, ಅವರಿಗೆ ಸಲೀಸು, ನನಗೆ ಶಿಕ್ಷೆ.

ಖಾಸಗಿಗೆ ಫೋನ್ ಮಾಡಿದೆ. ಒಂಬತ್ತು ದಿನಕ್ಕೆ ಆಪರೇಶನ್. ಅದರಲ್ಲಿ ಏಳು ದಿನ ಹೋಗಿದ್ದು ನನ್ನ ಕಾಂಟ್ಯಾಕ್ಟ್ ಲೆನ್ಸಿನಿಂದ. ಅದು ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದ ಆಕಾರವನ್ನು ಸ್ವಲ್ಪ ಬದಲಿಸುತ್ತದೆ. ಹಾಕುವುದನ್ನು ಬಿಟ್ಟು ಕೆಲವು ದಿನ ಆದ ಮೇಲೆ ಅಳತೆ ತೆಗೆದರೇ ಸರಿ. ಈ ಅಳತೆ ಹಗುರ ವಿಷಯವಲ್ಲ. ಕಣ್ಣಿನ ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ಲೆನ್ಸಿನ ಲೆಕ್ಕ ಎರಡೂವರೆ ಡಯಾಪ್ಟರಿನಷ್ಟು, ಅಂದರೆ ಕನ್ನಡಕದ ಎರಡೂವರೆ ನಂಬರಿನಷ್ಟು, ಹಾಳಾಗುತ್ತದೆ. ಎರಡೂ ಆಸ್ಪತ್ರೆಯಲ್ಲಿ ಬೆಳಕಿನಿಂದ ಅಳೆಯುವ ಒಂದೇ ಥರದ ಯಂತ್ರ ಇತ್ತು. ನನಗೆ ಸಮಾಧಾನ ತಂದಿದ್ದು ಅದು, ಲಾಬಿಯ ಸೋಫಾ ಅಲ್ಲ.

ಈಗ ಖರ್ಚು. ಮೊತ್ತ ಊರಿಂದೂರಿಗೆ ಬೇರೆ, ಅದಕ್ಕೇ ಫೋನಿನಲ್ಲಿ ಹೇಳಿದ್ದನ್ನು 100 ಅಂತ ಇಟ್ಟುಕೊಳ್ಳಿ. ಅದು ಸಾದಾ ಲೆನ್ಸಿನ ಪ್ಯಾಕೇಜ್. ಒಳಗೆ ಹೋದ ಮೇಲೆ ಕೌನ್ಸೆಲರ್ ಮೇಜಿನ ಮುಂದೆ ಕೂರಿಸಿದರು. ಪ್ಲಾಸ್ಟಿಕ್ಕಿನ ದೊಡ್ಡ ಕಣ್ಣು, ಅದರೊಳಗೆ ತೆಗೆದು ಹಾಕುವ ಲೆನ್ಸು, ಪಕ್ಕದಲ್ಲಿ ದರಪಟ್ಟಿ. "ಸರ್, ಕನ್ನಡಕವೇ ಬೇಡ ಅನ್ನುವ ಹಾಗಿದ್ದರೆ ಮಲ್ಟಿಫೋಕಲ್ ತಗೊಳ್ಳಿ." ಅದರ ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು. ಅದು ಕಣ್ಣಿಗೆ ಬಂದ ಬೆಳಕನ್ನು ದೂರಕ್ಕೆ, ಹತ್ತಿರಕ್ಕೆ ಅಂತ ಹಂಚುತ್ತದೆ. ಹಂಚಿದ ಮೇಲೆ ಎರಡಕ್ಕೂ ಪಾಲು ಕಡಿಮೆ ತಾನೆ? ರಾತ್ರಿ ದೀಪದ ಸುತ್ತ ಉಂಗುರ ಕಾಣುವುದು ಈ ಲೆನ್ಸಿನವರ ಸಾಮಾನ್ಯ ದೂರು. ನಾನು ಪೊರೆ ತೆಗೆಸುವುದೇ ರಾತ್ರಿಯ ದೀಪ ಅರಳದಿರಲಿ ಅಂತ. ಬೇಡ ಅಂದೆ. ಬಲಗಣ್ಣಿನಲ್ಲಿ ಸಾದಾ ಲೆನ್ಸ್ ಇರುವಾಗ ಎಡಕ್ಕೆ ಅದನ್ನು ಹಾಕಿಸುವುದೂ ಅಷ್ಟಕ್ಕಷ್ಟೇ.

ಮುಂದಿನ ಸಾಲು ಲೇಸರ್. ಸೀಳು ಮಾಡುವುದು, ಪೊರೆ ಕತ್ತರಿಸುವುದು ಲೇಸರಿನಿಂದ. ಕೇಳಲು ಭಾರಿ. ಆದರೆ ಸಾಧಾರಣ ಕಣ್ಣಿಗೆ ಅದರಿಂದ ದೃಷ್ಟಿ ಇನ್ನೂ ಚೆನ್ನಾಗಿ ಬರುತ್ತದೆ ಅನ್ನುವುದು ಸಾಬೀತಾಗಿಲ್ಲ. 2020ರಲ್ಲಿ ಪ್ರಕಟವಾದ ಫ್ರಾನ್ಸಿನ ದೊಡ್ಡ ಪ್ರಯೋಗವೊಂದರಲ್ಲೂ ಸಾದಾ ಫೇಕೋಗಿಂತ ಮೇಲು ಅಂತ ಕಾಣಲಿಲ್ಲ. ಅದನ್ನೂ ಬಿಟ್ಟೆ.

ದುಡ್ಡು ಕೊಟ್ಟಿದ್ದು ಟೋರಿಕ್ ಲೆನ್ಸಿಗೆ. ನನ್ನ ಎಡಗಣ್ಣಿಗೆ ಸಿಲಿಂಡರ್ ನಂಬರು, ಅಂದರೆ ಕಣ್ಣಿನ ಮುಂಭಾಗದ ಸೊಟ್ಟದ ಅಳತೆ, ಒಂದೂವರೆ ಇತ್ತು. ಸಾದಾ ಲೆನ್ಸ್ ಹಾಕಿದರೆ ಆ ಸೊಟ್ಟ ಹಾಗೇ ಉಳಿಯುತ್ತದೆ, ದೂರಕ್ಕೂ ಕನ್ನಡಕ ಬೇಕಾಗುತ್ತದೆ. ಟೋರಿಕ್ ಅದನ್ನು ಒಳಗೇ ಸರಿಮಾಡುತ್ತದೆ. ಆದರೆ ಸರಿಯಾದ ಕೋನದಲ್ಲೇ ಕೂರಬೇಕು. 10 ಡಿಗ್ರಿ ತಿರುಗಿದರೆ ಮೂರನೇ ಒಂದು ಭಾಗ ಪ್ರಯೋಜನ ಹೋಯಿತು, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಯಿತು. ಬಲಗಣ್ಣಿಗೆ ಸಿಲಿಂಡರ್ ಬರೀ ಅರ್ಧ. ಹಾಗಾಗಿ ಸರ್ಕಾರಿಯಲ್ಲಿ ಆಯ್ಕೆ ಕೇಳದೇ ಸಾದಾ ಲೆನ್ಸ್ ಹಾಕಿದ್ದರಿಂದ ನನಗೇನೂ ನಷ್ಟವಾಗಲಿಲ್ಲ. ಎಡಗಣ್ಣು ಅಲ್ಲಿ, ಬಲಗಣ್ಣು ಇಲ್ಲಿ ಆಗಿದ್ದರೆ? ಆಗ ಈ ಬರಹದ ರಾಗವೇ ಬೇರೆ ಇರುತ್ತಿತ್ತೇನೋ.

ಟೋರಿಕ್ಕಿಗೆ 38 ಸೇರಿತು. ಮೈನಸ್ ಜಾಸ್ತಿ ಇದ್ದವರ ಅಕ್ಷಿಪಟ ತೆಳ್ಳಗಿರುತ್ತದೆ ಅಂತ ಅದರ ಸ್ಕ್ಯಾನು, ಜೊತೆಗೆ ರಕ್ತ ಪರೀಕ್ಷೆ, 9. ಆಪರೇಶನ್ ನಂತರದ ಮೊದಲ ಭೇಟಿ ಪ್ಯಾಕೇಜಿನಲ್ಲಿತ್ತು, ಉಳಿದ ಎರಡು ಇರಲಿಲ್ಲ. ನಾಲ್ಕು ವಾರದ ಹನಿಯೂ ಇರಲಿಲ್ಲ. ಅವೆಲ್ಲ ಸೇರಿ 11. ಒಟ್ಟು 158. ಇದರಲ್ಲಿ ಯಾವುದೂ ಮೋಸ ಅಲ್ಲ, ಎಲ್ಲವೂ ಬೇಕಾಗಿದ್ದೇ. ಆದರೆ ಫೋನಿನಲ್ಲಿ ಕೇಳಿದ್ದು 100. ವಿಮೆ ಇದ್ದವರೂ ಲೆನ್ಸಿಗೆ ಎಷ್ಟರವರೆಗೆ ಕೊಡುತ್ತಾರೆ ಅಂತ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ದುಡ್ಡಿಗೆ ಸಿಕ್ಕಿದ್ದೇನು ಅಂತ ಕೇಳಿದರೆ, ತಾರೀಖು. ಮತ್ತೆ ಒಂದು ಫೋನ್ ನಂಬರು. ಆಪರೇಶನ್ ಆದ ನಾಲ್ಕನೇ ರಾತ್ರಿ ಎಡಗಣ್ಣಿನ ಅಂಚಿನಲ್ಲಿ ಮಿಂಚು ಹೊಡೆದ ಹಾಗಾಯಿತು. ಮಿಂಚು, ಕಪ್ಪು ಚುಕ್ಕೆಗಳ ಮಳೆ, ಪರದೆ ಎಳೆದ ಹಾಗೆ ನೆರಳು: ಇವು ಅಕ್ಷಿಪಟ ಕಳಚುವ ಸೂಚನೆ ಇರಬಹುದು, ತಡಮಾಡುವಂತಿಲ್ಲ. ಈ ಎಚ್ಚರಿಕೆಯನ್ನು ಎರಡೂ ಕಡೆ ಚೀಟಿಯಲ್ಲಿ ಬರೆದು ಕೊಟ್ಟಿದ್ದರು. ಫೋನ್ ಎತ್ತಿದರು, ಬೆಳಗ್ಗೆ ಮೊದಲ ನಂಬರಿಗೆ ನೋಡಿದರು, ಏನೂ ಆಗಿರಲಿಲ್ಲ. ಸರ್ಕಾರಿಯಲ್ಲಿ ಇದೇ ಆಗಿದ್ದರೆ ತುರ್ತು ವಿಭಾಗಕ್ಕೆ ಹೋಗಿ ಕೂರಬೇಕಿತ್ತು. ನೋಡುತ್ತಿದ್ದರು ಖಂಡಿತ, ಆದರೆ ಆ ರಾತ್ರಿ ನಾನು ನಿದ್ದೆ ಮಾಡುತ್ತಿರಲಿಲ್ಲ.

ದೃಷ್ಟಿ? ಈಗ ಎರಡು ಕಣ್ಣಿಗೂ ಚಾರ್ಟಿನ ಒಂದೇ ಸಾಲು ಕಾಣುತ್ತದೆ. ಓದಲು ಎರಡಕ್ಕೂ ಕನ್ನಡಕ ಬೇಕು. ಯಾವ ಕಣ್ಣು ಎಲ್ಲಿ ಆಗಿದ್ದು ಅಂತ ಪರೀಕ್ಷೆ ಮಾಡಿದ ಹೊಸ ಡಾಕ್ಟರಿಗೆ ನಾನೇ ಹೇಳಬೇಕಾಯಿತು.

ಇತ್ತೀಚೆಗೆ ಎಡಗಣ್ಣು ಮತ್ತೆ ಸ್ವಲ್ಪ ಮಸುಕಾಗಿದೆ. ಪೊರೆ ವಾಪಸ್ ಬರುವುದಿಲ್ಲ. ಆದರೆ ಹೊಸ ಲೆನ್ಸ್ ಕೂತಿರುವ ಚೀಲದ ಹಿಂಬದಿ ಕೆಲವರಿಗೆ ತಿಂಗಳುಗಳೋ ವರ್ಷಗಳೋ ಆದ ಮೇಲೆ ಮಬ್ಬಾಗುತ್ತದೆ. ಯಾಗ್ ಲೇಸರಿನಿಂದ ಅದರಲ್ಲಿ ಸಣ್ಣ ಕಿಂಡಿ ಮಾಡುತ್ತಾರೆ, ಕೆಲವೇ ನಿಮಿಷದ ಕೆಲಸ. ಇದು ಪ್ಯಾಕೇಜಿನಲ್ಲಿ ಇಲ್ಲವಂತೆ, ಇನ್ನೊಂದು 14. ಈ ಸಲ ಎರಡೂ ಕಡೆ ಫೋನ್ ಮಾಡಿ ಕೇಳಿದೆ. ಖಾಸಗಿಯಲ್ಲಿ ನಾಡಿದ್ದೇ ಬನ್ನಿ ಅಂದರು. ಸರ್ಕಾರಿಯಲ್ಲಿ ಏಳು ವಾರ. "ಡಾಕ್ಟರು ನೋಡುವುದಕ್ಕೋ, ಲೇಸರಿಗೋ?" ಅಂತ ಕೇಳಿದೆ. ಎರಡೂ ಅದೇ ದಿನ ಅಂದರು. ಹೆಸರು ಬರೆಸಿದ್ದೇನೆ.