ದೆವ್ವ ಪತ್ತೆ ಮಾಡೋ ಮೀಟರ್: ಮೂರು ತಿಂಗಳು ಇಟ್ಕೊಂಡ ಮೇಲೆ ಬರೀತಿರೋ ರಿವ್ಯೂ

ಐದಕ್ಕೆ ಎರಡು ಸ್ಟಾರ್ ಕೊಡ್ತಿದೀನಿ. ಮೀಟರ್ ಕೆಟ್ಟದ್ದಲ್ಲ, ಅದನ್ನ ಮಾರೋಕೆ ಹೇಳೋ ಮಾತು ಸುಳ್ಳು. ಯಾಕ್ ತಗೊಂಡೆ ಅನ್ನೋದನ್ನ ಮೊದಲು ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಮನೇಲಿ ಸಾವಾಗಿರೋರು ಪೂರ್ತಿ ಓದಿ.

ಅಪ್ಪ ಹೋಗಿ ಆಗ ಐದು ತಿಂಗಳಾಗಿತ್ತು. ಹಾಸನದ ಹತ್ರ ನಮ್ಮ ಹಳೇ ಹೆಂಚಿನ ಮನೇಲಿ ಅಮ್ಮ ಒಬ್ರೇ ಇರೋದು. ಒಂದಿನ ಫೋನಲ್ಲಿ, ಹಾಲು ಒಡೆದೋಯ್ತು ಅಂತ ಹೇಳೋ ಥರಾನೇ, "ರಾತ್ರಿ ಹನ್ನೊಂದರ ಮೇಲೆ ನಿಮ್ಮಪ್ಪ ಬಂದು ಕೂರ್ತಾರೆ ಕಣೋ, ಬೆತ್ತದ ಕುರ್ಚಿ ಕಿರ್ ಅನ್ನುತ್ತೆ" ಅಂದ್ರು. ಹೆದರಿಕೆ ಆಗಲ್ವಾಮ್ಮ ಅಂದ್ರೆ, ಇಷ್ಟ್ ವರ್ಷ ಬಾಳಿದೀನಿ ಅವರ ಜೊತೆ, ಹೆದರಿಕೆ ಯಾಕೋ ಅಂದ್ಬಿಟ್ರು. ಹೆದರಿಕೆ ಆಗಿದ್ದು ನನಗೂ ಅಕ್ಕಂಗೂ. ಭಾವ ಯಾರೋ ಜ್ಯೋತಿಷಿಗಳನ್ನ ಕೇಳ್ಕೊಂಡು ಬಂದ್ರು, ಅವರು ಆತ್ಮಕ್ಕೆ ಸದ್ಗತಿ ಸಿಕ್ಕಿಲ್ಲ, ದೊಡ್ಡ ಶಾಂತಿನೇ ಮಾಡಿಸ್ಬೇಕು ಅಂತ ಐವತ್ತು ಸಾವಿರದ ಪಟ್ಟಿ ಬರ್ಕೊಟ್ರು. ಅದರ ಬದಲು ಎರಡೂವರೆ ಸಾವಿರದಲ್ಲಿ ಒಂದು ಮೆಷೀನ್ ಸತ್ಯ ಹೇಳೋದಾದ್ರೆ ಹೇಳ್ಲಿ ಅಂತ ನಾನು ಆನ್‌ಲೈನಲ್ಲಿ ಇದನ್ನ ಆರ್ಡರ್ ಮಾಡ್ದೆ.

ಟಿವಿ ರಿಮೋಟ್‌ನಷ್ಟು ಉದ್ದದ ಕಪ್ಪು ಪ್ಲಾಸ್ಟಿಕ್ ಡಬ್ಬಿ, ತುದಿಯಲ್ಲಿ ಐದು ಲೈಟು, ಹಸಿರಿಂದ ಶುರುವಾಗಿ ಕೊನೇದು ಕೆಂಪು. ಒಂಬತ್ತು ವೋಲ್ಟ್‌ದು ಚೌಕದ ಬ್ಯಾಟರಿ ಬೇಕು, ಜೊತೆಗೆ ಕೊಟ್ಟಿಲ್ಲ. ಡಬ್ಬದ ಮೇಲೆ ಬಿಳೀ ನೆರಳಿನ ಚಿತ್ರ, ಆತ್ಮಗಳು ಹತ್ರ ಬಂದ್ರೆ ಲೈಟ್ ಏರುತ್ತೆ ಅಂತ ಬರೆದಿದೆ. ಇದು ಅಸಲಿಗೆ ಅಳೆಯೋದು ಕಾಂತಕ್ಷೇತ್ರ, ಮಿಲಿಗಾಸ್ ಅನ್ನೋ ಅಳತೆ ಲೆಕ್ಕದಲ್ಲಿ. ನಮ್ಮ ಮನೆ ಕರೆಂಟ್ 50 ಹರ್ಟ್ಜ್‌ದು, ಅದು ಹರಿಯೋ ಕಡೆಯೆಲ್ಲ ಈ ಕ್ಷೇತ್ರ ಇದ್ದೇ ಇರುತ್ತೆ. ಚಾಲೂ ಇರೋ ಮಿಕ್ಸಿ ಪಕ್ಕ ಹಿಡಿದ್ರೆ ಐದೂ ಲೈಟ್ ಹತ್ತುತ್ತೆ, ಒಂದೆರಡು ಮಾರು ಹಿಂದೆ ಸರಿದ್ರೆ ಇಳಿಯುತ್ತೆ. ಈ ಕೆಲಸ ಮಾತ್ರ ಮೀಟರ್ ಚೆನ್ನಾಗೇ ಮಾಡುತ್ತೆ, ಅದಕ್ಕೇ ಆ ಎರಡು ಸ್ಟಾರ್.

ಆ ಶನಿವಾರ ರಾತ್ರಿ ನಾನು, ಅಕ್ಕ, ಭಾವ ಮೂರೂ ಜನ ಹಾಲಲ್ಲಿ ಕೂತ್ವಿ. ಮೀಟರ್ ಹಿಡಿದು ನೋಡಿದ್ರೆ ಅಡುಗೆಮನೇಲಿ ಅದರ ಒಂದೇ ಲೈಟು ಹತ್ತಿತ್ತು, ದೇವರಮನೇಲೂ ಅಷ್ಟೇ. ಅಪ್ಪನ ಕುರ್ಚಿ ಹತ್ರ ಹೋಗ್ತಿದ್ದ ಹಾಗೇ ಎರಡು, ಮೂರು, ನಾಲ್ಕು. ಕೈ ನಡುಗ್ತಿತ್ತು ನಂದು. ಭಾವ ಮೀಟರ್ ಈಸ್ಕೊಂಡು "ಮಾವ, ನೀವಾ?" ಅಂತ ಕೇಳಿದ್ರು. ಲೈಟ್ ಪಟಪಟ ಅಂತ ಮಿನುಗ್ತು. ಅಕ್ಕ ಅಳೋಕೆ ಶುರು ಮಾಡಿದ್ಲು. ನಾನು ಧೈರ್ಯ ಮಾಡಿ ಹೋಗಿ ಮೇನ್ ಸ್ವಿಚ್ ಇಳಿಸಿದೆ, ಕರೆಂಟ್‌ದೇ ಆದ್ರೆ ಈಗ ಹೋಗ್ಬೇಕು ಅಂತ. ಹೋಗ್ಲಿಲ್ಲ, ಐದನೇದು, ಕೆಂಪು ಲೈಟೂ ಹತ್ಕೊಳ್ತು. ಆ ಕ್ಷಣ ನಾನೂ ಪೂರ್ತಿ ನಂಬಿದೆ, ಸುಳ್ಳು ಹೇಳಲ್ಲ. ಮೈಯೆಲ್ಲ ಜುಮ್ ಅಂತು.

ಬೆಳಗ್ಗೆ ಎಲೆಕ್ಟ್ರಿಷಿಯನ್ ಬಂದೋರು ಒಂದೇ ನಿಮಿಷ ನೋಡಿ, ಗೋಡೆ ಆಕಡೆ ಏನಿದೆ ಅಂದ್ರು. ಆಕಡೆ ಉಗ್ರಾಣ, ಸರಿಯಾಗಿ ಕುರ್ಚಿ ಬೆನ್ನಿಗೆ ಇನ್ವರ್ಟರ್. ಗೋಡೆ ಕಾಂತಕ್ಷೇತ್ರನ ತಡೆಯಲ್ಲ. ನಾನು ಮೇನ್ ಇಳಿಸಿದಾಗ ಮನೆ ಲೋಡೆಲ್ಲ ಇನ್ವರ್ಟರ್ ಮೇಲೆ ಬಿದ್ದಿದೆ, ಅದರ ಟ್ರಾನ್ಸ್‌ಫಾರ್ಮರ್ ಪೂರ್ತಿ ಕೆಲಸಕ್ಕೆ ಇಳಿದಿದೆ, ಅದಕ್ಕೇ ಕೆಂಪು ಬಂದಿದ್ದು. ಅವರು ಇನ್ವರ್ಟರ್ ಆಫ್ ಮಾಡಿದ್ರು, ಉಳಿದಿದ್ದು ಮೀಟರ್ ಆನ್ ಇದೆ ಅಂತ ತೋರ್ಸೋ ಒಂದೇ ಹಸಿರು. ಆನ್ ಮಾಡಿದ್ರು, ಏರ್ತು. ಮೂರು ಸಲ ಮಾಡಿಸಿ ನೋಡ್ದೆ.

ಇನ್ನು ಭಾವಂಗೆ ಸಿಕ್ಕಿದ ಉತ್ತರ. ಈ ಮೀಟರ್ ಬಟನ್ನು ಒತ್ತಿ ಹಿಡ್ಕೊಂಡೇ ಇರ್ಬೇಕು, ಹೆಬ್ಬೆರಳು ಸೋತು ಒಂಚೂರು ಸಡಿಲ ಆದ್ರೆ ಒಳಗಿನ ಕಾಂಟ್ಯಾಕ್ಟ್ ಬಿಟ್ಟು ಬಿಟ್ಟು ಸೇರಿ ಲೈಟ್ ಮಿನುಗುತ್ತೆ. ಕುರ್ಚಿ ಹತ್ರ ಅಲ್ಲ, ತುಳಸಿಕಟ್ಟೆ ಹತ್ರ ನಿಂತು ಬೇಕಂತಲೇ ಬೆರಳು ಸಡಿಲ ಬಿಟ್ಟೆ, ಅದೇ ಪಟಪಟ. ಜೇಬಲ್ಲಿ ಮೊಬೈಲ್ ಇದ್ರೂ ಕೆಲವು ಸಲ ಲೈಟ್ ಏರುತ್ತೆ. ಸತ್ತೋರು ಮಾತಾಡಿದ್ರು ಅಂತ ಅಕ್ಕ ರಾತ್ರಿಯಿಡೀ ಅತ್ತಿದ್ದು ಒಂದು ಕಳಪೆ ಬಟನ್‌ಗೆ. ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ವಾಪಸ್ ತಗೊಳ್ಳಿ ಅಂದ್ರೆ, ಲೈಟ್ ಹತ್ತುತ್ತಲ್ಲ ಸರ್, ಐಟಂ ಸರಿ ಇದೆ ಅಂದ್ರು ಮಾರಿದೋರು.

1998ರಲ್ಲಿ ಇಂಗ್ಲೆಂಡಿನ ಕೋವೆಂಟ್ರಿಯಲ್ಲಿ ವಿಕ್ ಟ್ಯಾಂಡಿ ಅನ್ನೋ ಎಂಜಿನಿಯರ್ ಒಂದು ಲೇಖನ ಬರೆದಿದ್ರು. ದೆವ್ವ ಇದೆ ಅಂತಿದ್ದ ಲ್ಯಾಬಲ್ಲಿ ಅವರಿಗೇ ಪಕ್ಕದಲ್ಲಿ ಬೂದು ಆಕಾರ ಕಂಡಿತ್ತಂತೆ. ಮಾರನೇ ದಿನ ಕತ್ತಿವರಸೆ ಆಡೋ ಬ್ಲೇಡನ್ನ ವೈಸಿಗೆ, ಅಂದ್ರೆ ಬಿಗಿ ಹಿಡಿಯೋ ಇಕ್ಕಳಕ್ಕೆ, ಕಟ್ಟಿದ್ರೆ ಅದು ತಾನಾಗೇ ಅದುರ್ತಿತ್ತು, ಹುಡುಕ್ತಾ ಹೋದ್ರೆ ಹೊಸದಾಗಿ ಹಾಕಿದ್ದ ಫ್ಯಾನಿಂದ ಸುಮಾರು 19 ಹರ್ಟ್ಜ್‌ನ, ಕಿವಿಗೆ ಕೇಳದ ಸದ್ದು ಬರ್ತಿತ್ತು, ಆ ಬೂದು ಆಕಾರ ಕಂಡಿದ್ದೂ ಅದರಿಂದಲೇ ಇರಬೋದು ಅಂದ್ರು. ಅಷ್ಟರಿಂದ ಎಲ್ಲಾ ದೆವ್ವಕ್ಕೂ ಫ್ಯಾನೇ ಕಾರಣ ಅಂತ ಆಗಲ್ಲ ಬಿಡಿ. ಆದ್ರೆ ಅವರು ಹೆದರಿದ ಮೇಲೂ ಹುಡುಕಿದ್ರಲ್ಲ, ಅದು ನಂಗೆ ಇಷ್ಟ ಆಯ್ತು. ಅಪ್ಪಂಗೂ ಇಂಥದ್ದೇ ಇಷ್ಟ. ಬಸವನಗುಡಿ ನ್ಯಾಷನಲ್ ಕಾಲೇಜಲ್ಲಿ ಓದಿದೋರು ಅವರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದಾಗಿನ ಪೇಪರ್ ತುಂಡು ಅವರ ಟ್ರಂಕಲ್ಲಿ ಈಗ್ಲೂ ಇದೆ.

ಹಾಗಾದ್ರೆ ಅಮ್ಮ ಹೇಳಿದ್ದು ಸುಳ್ಳಾ? ಖಂಡಿತ ಅಲ್ಲ. 1971ರಲ್ಲಿ ವೇಲ್ಸ್‌ನ ಡಾಕ್ಟರ್ ಡೀವಿ ರೀಸ್ ಅನ್ನೋರು ಗಂಡನ್ನೋ ಹೆಂಡ್ತೀನೋ ಕಳ್ಕೊಂಡ 293 ಜನರನ್ನ ಮಾತಾಡ್ಸಿದ್ರು. ಹೆಚ್ಚುಕಮ್ಮಿ ಅರ್ಧ ಜನಕ್ಕೆ ತೀರ್ಕೊಂಡೋರು ಪಕ್ಕದಲ್ಲೇ ಇದಾರೆ ಅನ್ಸಿದೆ, ಇಲ್ಲಾ ಕಂಡಿದಾರೆ, ದನಿ ಕೇಳಿಸಿದೆ. ಅವರಲ್ಲಿ ಮುಕ್ಕಾಲು ಪಾಲು ಅದುವರೆಗೂ ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ, ಬಹಳ ಜನಕ್ಕೆ ಅದರಿಂದ ನೆಮ್ಮದಿನೇ ಆಗಿತ್ತು. ಇದನ್ನ ಓದಿದಾಗ ಎದೆ ಹಗುರ ಆಯ್ತು. ಅಮ್ಮಂಗೆ ತಲೆ ಕೆಟ್ಟಿಲ್ಲ, ಅಪ್ಪಂಗೆ ಸದ್ಗತಿ ತಪ್ಪಿಲ್ಲ, ಇದು ದುಃಖ ಮಾಡೋ ಕೆಲಸ. ಕುರ್ಚಿ ಸದ್ದು ಸಂಜೆಯೆಲ್ಲ ಅಮ್ಮನೇ ಅದರಲ್ಲಿ ಕೂತು ಎದ್ದು ಹೋದ ಮೇಲೆ ರಾತ್ರಿ ತಂಪಿಗೆ ಬೆತ್ತ ಬಿಗಿಯೋ ಸದ್ದು ಅಂತ ನನ್ನ ಊಹೆ. ಅಮ್ಮಂಗೆ ಹೇಳ್ದೆ. "ಇರಬೋದು" ಅಂದ್ರು, "ಆದ್ರೂ ನಂಗೆ ಅವರಿದ್ದಂಗೇ ಆಗುತ್ತೆ" ಅಂದ್ರು. ಅದಕ್ಕೆ ನಾನು ಎದುರು ಮಾತಾಡ್ಲಿಲ್ಲ. ಶಾಂತಿ ಪಟ್ಟಿ ಮಾತ್ರ ಹರಿದು ಹಾಕಿದ್ವಿ, ಭಾವನೂ ಒಪ್ಪಿದ್ರು.

ಕೊಳ್ಳೋ ಯೋಚನೆ ಇರೋರಿಗೆ: ವೈರಿಂಗ್ ನೋಡೋಕೆ ಬೇಕಿದ್ರೆ ಇದೇ ಥರದ್ದು ನಂಬರ್ ತೋರ್ಸೋ ಮೀಟರ್ ತಗೊಳ್ಳಿ, ದೆವ್ವದ ಚಿತ್ರ ಇರೋದು ಬೇಡ. ಈಗಾಗ್ಲೇ ತಗೊಂಡಿದ್ರೆ ಮೊಬೈಲ್ ಬೇರೆ ರೂಮಲ್ಲಿಡಿ, ಬಟನ್ ಮೇಲೆ ಎರಡು ಸುತ್ತು ರಬ್ಬರ್ ಬ್ಯಾಂಡ್ ಹಾಕಿ, ಮೇನ್ ಇಳಿಸೋಕೆ ಮುಂಚೆ ಇನ್ವರ್ಟರ್ ಆಫ್ ಮಾಡಿ. ಅಮ್ಮನಂಥೋರು ಮನೇಲಿದ್ರೆ ಮೀಟರ್ ಹಿಡ್ಕೊಂಡು ಅವರ ಮುಂದೆ ಓಡಾಡ್ಬೇಡಿ, ಪಕ್ಕ ಕೂತು ಏನ್ ಕೇಳಿಸ್ತಮ್ಮ ಅಂತ ಕೇಳಿ. ನಾನು ಅದನ್ನ ಮಾಡಿದ್ದು ಮೀಟರ್ ತಗೊಂಡು ಹದಿನೈದು ದಿನ ಆದ್ಮೇಲೆ.