ಜಾಲತಾಣದ ಚಿತ್ರಗಳಿಗೆ ಪ್ಲಗಿನ್, ಸಿಡಿಎನ್, ಕೈಕೆಲಸ: ಮೂರನ್ನೂ ಬಳಸಿ ನೋಡಿದ ಮೇಲೆ

ಹಳೆಯ ಸೈಕಲ್‌ಗಳನ್ನು ಬಿಚ್ಚಿ ರಿಪೇರಿ ಮಾಡುವ ಬಗೆಯನ್ನು ಹಂತಹಂತವಾಗಿ ತೋರಿಸುವ ಪುಟ್ಟ ಜಾಲತಾಣವೊಂದನ್ನು ನಾನು ನಡೆಸುತ್ತಿದ್ದೇನೆ. ಇಂಥ ತಾಣಕ್ಕೆ ಚಿತ್ರಗಳೇ ಹೆಬ್ಬಾಗಿಲು. ಕೈಯಲ್ಲಿರುವ ಬಿಡಿಭಾಗದ ಹೆಸರೇ ಗೊತ್ತಿಲ್ಲದವರು ಪದ ಬರೆದು ಹುಡುಕುವುದು ಕಷ್ಟ. ಅವರು ಚಿತ್ರಗಳ ಹುಡುಕಾಟದಲ್ಲಿ ಕಣ್ಣಾಡಿಸಿ, ತಮ್ಮ ಬಳಿಯಿರುವುದನ್ನೇ ಹೋಲುವ ಫೋಟೊ ಕಂಡಾಗ ಅದನ್ನು ಒತ್ತಿ ಲೇಖನಕ್ಕೆ ಬರುತ್ತಾರೆ. ಫೋಟೊಗಳು ಭಾರವಾಗಿ ಪುಟಗಳು ನಿಧಾನವಾಗತೊಡಗಿದಾಗ ನಾನು ಒಂದರ ಹಿಂದೊಂದರಂತೆ ಮೂರು ದಾರಿಗಳನ್ನು ಹಿಡಿದೆ: ವರ್ಷದ ಚಂದಾ ಕಟ್ಟಿ ತೆಗೆದುಕೊಂಡ ಪ್ಲಗಿನ್ (ತಾಣದ ತಂತ್ರಾಂಶಕ್ಕೆ ಜೋಡಿಸುವ ಸಿದ್ಧ ಸಾಧನ), ಚಿತ್ರಗಳನ್ನು ತನ್ನ ಸರ್ವರ್‌ಗಳಲ್ಲಿಯೇ ತಕ್ಕ ಗಾತ್ರಕ್ಕೆ ಇಳಿಸಿ ಕಳುಹಿಸುವ ಸಿಡಿಎನ್ ಸೇವೆ, ಮತ್ತು ಎಲ್ಲವನ್ನೂ ನಾನೇ ಸಿದ್ಧಪಡಿಸಿ ಪುಟದ ಸಂಕೇತಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಬರೆಯುವ ಕೈಕೆಲಸ. ನಾನು ಉಳಿಸಿಕೊಂಡಿರುವುದು ಕೊನೆಯದನ್ನು. ಪ್ಲಗಿನ್‌ನಿಂದ ಆದ ನಷ್ಟ ಅದರ ಚಂದಾ ಹಣಕ್ಕಿಂತ ಬಹಳ ದೊಡ್ಡದು.

ಫೈಲ್ ನಮೂನೆಯ ಮಟ್ಟಿಗೆ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಚಿತ್ರಗಳನ್ನು ಹಗುರಗೊಳಿಸುವ ಹೊಸ ನಮೂನೆಗಳಾದ ವೆಬ್‌ಪಿ, ಎವಿಐಎಫ್ ಎರಡೂ ಮೂರು ದಾರಿಗಳಲ್ಲಿಯೂ ಸಿಗುತ್ತವೆ. 2024ರ ಆಗಸ್ಟ್‌ನಿಂದ ಗೂಗಲ್ ಹುಡುಕಾಟವೂ ಎವಿಐಎಫ್ ಚಿತ್ರಗಳನ್ನು ಸ್ವೀಕರಿಸುತ್ತಿದೆ.

ತೊಂದರೆಯಾದದ್ದು ಪ್ಲಗಿನ್‌ನ ಲೇಜಿ ಲೋಡಿಂಗ್‌ನಲ್ಲಿ. ಓದುಗನು ಕೆಳಗೆ ಸರಿದಂತೆ ಮಾತ್ರ ಚಿತ್ರಗಳು ಇಳಿಯಬೇಕೆಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ಆ ಪ್ಲಗಿನ್ ಪ್ರತಿ ಚಿತ್ರದ ನಿಜವಾದ ವಿಳಾಸವನ್ನು ಎಚ್‌ಟಿಎಂಎಲ್‌ನ ‘ಸೋರ್ಸ್’ (src) ಗುಣದಿಂದ, ಅಂದರೆ ಚಿತ್ರದ ವಿಳಾಸ ಇರಬೇಕಾದ ಜಾಗದಿಂದ, ಕಿತ್ತು ಬೇರೊಂದು ಗುಣದಲ್ಲಿ ಬಚ್ಚಿಟ್ಟು, ಅದರ ಜಾಗದಲ್ಲಿ ಕಣ್ಣಿಗೆ ಕಾಣದ ಪಾರದರ್ಶಕ ಚುಕ್ಕೆಯೊಂದನ್ನು ಇರಿಸುತ್ತಿತ್ತು. ಓದುಗನು ಮೊದಲ ಬಾರಿ ಪರದೆಯನ್ನು ಮುಟ್ಟಿದಾಗ ಅಥವಾ ಸರಿಸಿದಾಗ ಒಂದು ಸ್ಕ್ರಿಪ್ಟ್ ಎಚ್ಚೆತ್ತು ವಿಳಾಸಗಳನ್ನು ಮರಳಿ ಜಾಗಕ್ಕೆ ತರುತ್ತಿತ್ತು. ಹುಡುಕಾಟಕ್ಕಾಗಿ ಪುಟಗಳನ್ನು ಓದುವ ಗೂಗಲ್‌ನ ತಂತ್ರಾಂಶವಾದ ಗೂಗಲ್‌ಬಾಟ್ ಸ್ಕ್ರಿಪ್ಟ್‌ಗಳನ್ನು ನಡೆಸಬಲ್ಲದು, ಆದರೆ ಅದು ಪುಟವನ್ನು ಸರಿಸುವುದಿಲ್ಲ, ಮುಟ್ಟುವುದೂ ಇಲ್ಲ. ಹೀಗಾಗಿ ಅದರ ಪಾಲಿಗೆ ನನ್ನ ಲೇಖನಗಳಲ್ಲಿ ಚಿತ್ರಗಳೇ ಇರಲಿಲ್ಲ.

ಇದು ನನ್ನ ಗಮನಕ್ಕೆ ಬರಲು ಹಲವು ವಾರಗಳು ಹಿಡಿದವು, ಏಕೆಂದರೆ ನನ್ನ ಬ್ರೌಸರ್‌ನಲ್ಲಿ ಪುಟ ತೆರೆದಾಗಲೆಲ್ಲ ನಾನು ತಾನಾಗಿ ಸರಿಸುತ್ತಿದ್ದೆ, ಫೋಟೊಗಳು ಅಚ್ಚುಕಟ್ಟಾಗಿ ಕಾಣಿಸುತ್ತಿದ್ದವು. ಪಠ್ಯದ ಹುಡುಕಾಟದಿಂದ ಬರುವವರ ಸಂಖ್ಯೆಯೂ ಹೆಚ್ಚು ಕಡಿಮೆ ಹಾಗೆಯೇ ಇತ್ತು. ಒಂದು ದಿನ ತಾಣದ ಒಡೆಯರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್ ಉಪಕರಣದ ವರದಿಯಲ್ಲಿ ಹುಡುಕಾಟದ ಬಗೆಯನ್ನು ‘ಚಿತ್ರ’ ಎಂದು ಬದಲಿಸಿ ನೋಡಿದಾಗ, ಪ್ಲಗಿನ್ ಹಾಕಿದ ದಿನದ ನಂತರ ಗೆರೆ ಇಳಿಯುತ್ತ ಬಂದು ನೆಲ ಕಚ್ಚಿತ್ತು. ಅದೇ ಉಪಕರಣದಲ್ಲಿ ಪುಟದ ವಿಳಾಸ ಕೊಟ್ಟು, ಗೂಗಲ್‌ಗೆ ಕಂಡ ಎಚ್‌ಟಿಎಂಎಲ್ ಅನ್ನು ತೆರೆದು ನೋಡಿದೆ. ಚೈನ್ ಬದಲಿಸುವ ಲೇಖನದ ಒಂಬತ್ತು ಫೋಟೊಗಳ ಜಾಗದಲ್ಲಿ ಒಂಬತ್ತು ಪಾರದರ್ಶಕ ಚುಕ್ಕೆಗಳಿದ್ದವು. ಒಂದೊಂದು ಫೋಟೊಗೂ ಎಣ್ಣೆ ಕೈ ಒರೆಸಿಕೊಂಡು, ಬೆಳಕು ಹೊಂದಿಸಿ, ಎರಡೆರಡು ಬಾರಿ ತೆಗೆದಿದ್ದ ನನಗೆ ಅದನ್ನು ನೋಡಿ ಬಹಳ ಸಂಕಟವಾಯಿತು.

ಓದುಗರಿಗೂ ಇದರಿಂದ ಸುಖವಿರಲಿಲ್ಲ. ಪ್ಲಗಿನ್ ಪುಟದ ಮೇಲ್ತುದಿಯ ದೊಡ್ಡ ಚಿತ್ರವನ್ನೂ ಬಿಡದೆ ತಡೆಹಿಡಿಯುತ್ತಿತ್ತು. ಪರದೆಯ ಅತಿ ದೊಡ್ಡ ಅಂಶ ಮೂಡಲು ಹಿಡಿಯುವ ಸಮಯ 2.5 ಸೆಕೆಂಡು ಮೀರಬಾರದೆಂಬುದು ಗೂಗಲ್‌ನ ಅಳತೆ. ವೇಗ ಹೆಚ್ಚಿಸುವೆನೆಂದ ಸಾಧನವೇ ನನ್ನ ಪುಟಗಳನ್ನು ಆ ಗಡಿಯಾಚೆಗೆ ತಳ್ಳಿತು. ಜೊತೆಗೆ ಅದು ಚಿತ್ರಗಳ ಅಗಲ ಮತ್ತು ಎತ್ತರದ ಅಂಕಿಗಳನ್ನು ತೆಗೆದುಹಾಕಿದ್ದರಿಂದ, ಬ್ರೌಸರ್‌ಗೆ ಮುಂಚಿತವಾಗಿ ಜಾಗ ಕಾದಿರಿಸಲು ಆಗುತ್ತಿರಲಿಲ್ಲ. ಐದನೆಯ ಹಂತವನ್ನು ಓದುತ್ತಿದ್ದವರ ಕಣ್ಣೆದುರೇ ಮೇಲಿನ ಚಿತ್ರ ಇಳಿದು ಸಾಲುಗಳು ಕೆಳಕ್ಕೆ ಹಾರುತ್ತಿದ್ದವು. ಒಂದು ಕೈಯಲ್ಲಿ ಸ್ಪ್ಯಾನರ್ ಹಿಡಿದು, ಮತ್ತೊಂದರ ಬೆರಳ ತುದಿಯಿಂದ ಫೋನ್ ಮುಟ್ಟುವವರಿಗೆ ಕಳೆದುಹೋದ ಸಾಲನ್ನು ಮತ್ತೆ ಹುಡುಕುವುದು ಸಣ್ಣ ಕಿರಿಕಿರಿಯಲ್ಲ. ಲೇಖನವನ್ನು ಮುದ್ರಿಸಿಕೊಂಡವರೊಬ್ಬರು ಪುಟದ ತುಂಬ ಖಾಲಿ ಚೌಕಗಳೇ ಬಂದವೆಂದು ನನಗೆ ಬರೆದಿದ್ದರು. ಅಂದೇ ನಾನು ಕಾರಣ ಹುಡುಕಬೇಕಿತ್ತು.

ಪ್ಲಗಿನ್ ತೆಗೆದುಹಾಕಿದರೆ ಎಲ್ಲ ಸರಿಹೋಗುವುದೆಂದುಕೊಂಡಿದ್ದೆ. ಆದರೆ ಅದು ಚಿತ್ರಗಳಿಗೆ ತನ್ನದೇ ಫೋಲ್ಡರಿನಲ್ಲಿ ಅರ್ಥವಿಲ್ಲದ ಅಕ್ಷರ-ಅಂಕಿಗಳ ಹೆಸರಿಟ್ಟಿತ್ತು. ತೆಗೆದೊಡನೆ ಆ ವಿಳಾಸಗಳೆಲ್ಲ ಸತ್ತವು. ಹಳೆಯ ವಿಳಾಸಗಳಿಂದ ಹೊಸದಕ್ಕೆ ಶಾಶ್ವತವಾಗಿ ಕಳುಹಿಸುವ 301 ರೀಡೈರೆಕ್ಟ್‌ಗಳನ್ನು ಒಂದೊಂದಾಗಿ ಬರೆಯಲು ಎರಡು ವಾರಗಳ ಸಂಜೆಗಳು ಕಳೆದವು.

ಆಲ್ಟ್ ಪಠ್ಯದ, ಅಂದರೆ ಚಿತ್ರಕ್ಕೆ ಬದಲಾಗಿ ಓದಲಾಗುವ ವಿವರಣೆಯ, ಬಗ್ಗೆಯೂ ಒಂದು ಮಾತು. ಪ್ಲಗಿನ್ ಚಿತ್ರವನ್ನು ನೋಡಿ ತಾನೇ ವಿವರಣೆ ಬರೆಯುತ್ತಿತ್ತು, ಅದೂ ಇಂಗ್ಲಿಷಿನಲ್ಲಿ: ಕಪ್ಪು ಲೋಹದ ವಸ್ತುವಿನ ಹತ್ತಿರದ ನೋಟ. ಅದು ಸುಳ್ಳಲ್ಲ, ಆದರೆ ಕಣ್ಣು ಕಾಣದ ಓದುಗನಿಗಾಗಲಿ ಹುಡುಕುವ ಯಂತ್ರಕ್ಕಾಗಲಿ ಅದರಿಂದ ಏನೂ ತಿಳಿಯುವುದಿಲ್ಲ. ನಾನು ಬರೆದದ್ದು: ‘ಹಿಂದಿನ ಚಕ್ರದ ಆಕ್ಸಲ್ ನಟ್ಟನ್ನು 15 ಮಿಲಿಮೀಟರ್ ಸ್ಪ್ಯಾನರ್‌ನಿಂದ ಎಡಕ್ಕೆ ತಿರುಗಿಸಿ ಸಡಿಲಿಸುತ್ತಿರುವುದು’. ಆ ಚಿತ್ರ ಆ ಹಂತದಲ್ಲಿ ಯಾಕಿದೆ ಎಂಬುದು ಬರೆದವನಿಗೆ ಮಾತ್ರ ಗೊತ್ತಿರುತ್ತದೆ. ಕೇವಲ ಅಲಂಕಾರಕ್ಕಿರುವ ಗೆರೆ, ಚಿಹ್ನೆಗಳಿಗೆ ಆಲ್ಟ್ ಅನ್ನು ಖಾಲಿ ಬಿಡುತ್ತೇನೆ, ಆಗ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅವುಗಳನ್ನು ದಾಟಿ ಮುಂದೆ ಹೋಗುತ್ತದೆ. ಆಲ್ಟ್ ಗುಣವನ್ನೇ ಬರೆಯದಿದ್ದರೆ ಕೆಲವು ರೀಡರ್‌ಗಳು ಫೈಲಿನ ಹೆಸರನ್ನು ಅಕ್ಷರಕ್ಷರ ಓದಿ ಬೇಸರ ತರಿಸುತ್ತವೆ.

ಸಿಡಿಎನ್ ಸೇವೆಯನ್ನು ನಾನು ದೂರುವಂತಿಲ್ಲ. ಓದುಗರ ಬ್ರೌಸರ್ ಯಾವ ನಮೂನೆಯನ್ನು ಒಪ್ಪುತ್ತದೆಂದು ತಾನೇ ತಿಳಿದು ಅದನ್ನೇ ಕಳುಹಿಸುತ್ತದೆ, ವೇಗದಲ್ಲಿ ಮೂರರಲ್ಲೂ ಮುಂದಿದೆ. ಆದರೆ ನನ್ನ ಫೋಟೊಗಳೆಲ್ಲ ಬೇರೆಯವರ ಡೊಮೇನ್‌ನಲ್ಲಿ ನೆಲೆಸಿದ್ದವು. ಸೇವೆ ಬಿಟ್ಟ ದಿನ ವಿಳಾಸಗಳೂ ಹೋಗುತ್ತವೆ. ನನ್ನದೇ ಉಪಡೊಮೇನ್ ಜೋಡಿಸುವ ಸೌಲಭ್ಯ ಮೇಲಿನ ದರ್ಜೆಯ ಚಂದಾದಲ್ಲಿ ಮಾತ್ರ ಇತ್ತು. ಒಂದೇ ಫೋಟೊ ಅಳತೆಗೊಂದರಂತೆ, ಪುಟಕ್ಕೊಂದರಂತೆ ಬೇರೆ ಬೇರೆ ವಿಳಾಸಗಳಲ್ಲಿ ಕಾಣಿಸಿಕೊಳ್ಳುವುದೂ ನನಗೆ ಸರಿಬರಲಿಲ್ಲ, ಏಕೆಂದರೆ ಒಂದು ಚಿತ್ರವನ್ನು ಎಲ್ಲೆಡೆ ಒಂದೇ ವಿಳಾಸದಿಂದ ಕರೆದರೆ ಹುಡುಕುವ ಯಂತ್ರ ಅದನ್ನು ಮತ್ತೆ ಮತ್ತೆ ತರಿಸಿಕೊಳ್ಳಬೇಕಿಲ್ಲ.

ಈಗ ನಾನು ಅನುಸರಿಸುವ ಕೈಕೆಲಸ ಇಷ್ಟು. ಪ್ರತಿ ಫೋಟೊವನ್ನು 480, 960 ಮತ್ತು 1600 ಪಿಕ್ಸೆಲ್ ಅಗಲಕ್ಕೆ ಇಳಿಸುತ್ತೇನೆ. ಒಂದೆರಡು ಇದ್ದರೆ ಬ್ರೌಸರ್‌ನಲ್ಲಿಯೇ ನಡೆಯುವ ಸ್ಕ್ವೂಶ್, ಹೆಚ್ಚಿದ್ದರೆ ಹಲವನ್ನು ಒಟ್ಟಿಗೆ ಇಳಿಸುವ ಇಮೇಜ್‌ಮ್ಯಾಜಿಕ್. ಮೂರೂ ಅಳತೆಗಳನ್ನು ಬ್ರೌಸರ್ ತಕ್ಕದ್ದನ್ನು ಆರಿಸಿಕೊಳ್ಳಲೆಂದು ‘ಸೋರ್ಸ್‌ಸೆಟ್’ (srcset) ಗುಣದಲ್ಲಿ ಕೊಟ್ಟು, ‘ಸೋರ್ಸ್’ನಲ್ಲಿ ಒಂದು ಜೆಪೆಗ್ ವಿಳಾಸವನ್ನು ತಪ್ಪದೆ ಇರಿಸುತ್ತೇನೆ, ಗೂಗಲ್‌ನ ಸಲಹೆಯೂ ಅದೇ. ಅಗಲ, ಎತ್ತರದ ಅಂಕಿಗಳನ್ನು ಬರೆಯುತ್ತೇನೆ. ಮೊದಲ ಚಿತ್ರಕ್ಕೆ ಹೆಚ್ಚಿನ ಆದ್ಯತೆಯ ಸೂಚನೆ, ಕೆಳಗಿನವುಗಳಿಗೆ ಬ್ರೌಸರ್‌ನಲ್ಲಿಯೇ ಇರುವ ಲೇಜಿ ಲೋಡಿಂಗ್. ಇದು ಎಚ್‌ಟಿಎಂಎಲ್‌ನ ಒಂದು ಪದ ಮಾತ್ರ. ವಿಳಾಸವನ್ನು ಎಲ್ಲಿಯೂ ಬಚ್ಚಿಡುವುದಿಲ್ಲ. ನನ್ನ ಥೀಮ್ ಶಿರೋಚಿತ್ರವನ್ನು ಪುಟದ ಅಂದವನ್ನು ನಿರ್ದೇಶಿಸುವ ಸಿಎಸ್‌ಎಸ್‌ನ ಹಿನ್ನೆಲೆಯಾಗಿ ಹಾಕುತ್ತಿತ್ತು. ಹಾಗೆ ಹಾಕಿದ ಚಿತ್ರಗಳನ್ನು ಗೂಗಲ್ ಸೂಚಿಗೆ ಸೇರಿಸುವುದಿಲ್ಲವಾದ್ದರಿಂದ ಅದನ್ನೂ ಬದಲಿಸಿದೆ. ನಟ್ಟು ಬಿಗಿಯುವ ಬಲದ ಅಂಕಿಗಳನ್ನು ಮೊದಲು ಚಿತ್ರದ ಮೇಲೆಯೇ ಬರೆಯುತ್ತಿದ್ದೆ, ಈಗ ಅವು ಚಿತ್ರದ ಕೆಳಗಿನ ಅಡಿಬರಹದಲ್ಲಿ ಪಠ್ಯವಾಗಿಯೇ ಇವೆ.

ಕೈಯಿಂದ ಮಾಡುವಾಗ ಪ್ರತಿ ಚಿತ್ರವನ್ನೂ ಕಣ್ಣಿಟ್ಟು ನೋಡಬೇಕಾಗುತ್ತದೆ, ಅದೇ ಇದರ ದೊಡ್ಡ ಲಾಭ. ಫ್ರೇಮಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕನ್ನು ತೋರಿಸುವ ಫೋಟೊವೊಂದನ್ನು ಎವಿಐಎಫ್‌ನಲ್ಲಿ ಬಿಗಿಯಾಗಿ ಅಡಕಗೊಳಿಸಿದಾಗ ಬಣ್ಣವೆಲ್ಲ ನಯವಾಗಿ, ಬಿರುಕೇ ಮಾಯವಾಗಿತ್ತು. ಆ ಲೇಖನದ ಉದ್ದೇಶವೇ ಬಿರುಕನ್ನು ಗುರುತಿಸುವುದು. ಬಿರುಕು ಕಾಣದ ಫ್ರೇಮನ್ನು ನಂಬಿ ಯಾರಾದರೂ ಸವಾರಿ ಹೊರಟರೆ ಏನು ಗತಿ? ಆ ಫೋಟೊವನ್ನು ಮೇಲುಗುಣಮಟ್ಟದ ಜೆಪೆಗ್‌ನಲ್ಲಿಯೇ ಉಳಿಸಿದ್ದೇನೆ, ಭಾರವಾದರೂ ಇರಲಿ.

ಫೈಲಿನ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಇಡಬೇಕೆಂಬ ಆಸೆ ನನಗಿತ್ತು, ಗೂಗಲ್‌ಗೂ ಅದರಿಂದ ತೊಂದರೆಯಿಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಅಕ್ಷರಗಳನ್ನು ದಾಖಲಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದು ಅಕ್ಷರಸಂಕೇತಕ್ಕೆ ಮೂರು ಬೈಟ್‌ಗಳು ಬೇಕು, ವಿಳಾಸವನ್ನು ನಕಲಿಸಿದಾಗ ಪ್ರತಿ ಬೈಟ್‌ಗೂ ಶೇಕಡಾ ಚಿಹ್ನೆಯೊಡನೆ ಮೂರು ಸಂಕೇತಗಳು ಬೀಳುತ್ತವೆ. ‘ಕ’ ಎಂಬ ಒಂದೇ ಅಕ್ಷರ ಒಂಬತ್ತಾಗುತ್ತದೆ, ಗುಣಿತದ ಚಿಹ್ನೆಯೂ ಸೇರಿದ ‘ಕಿ’ ಹದಿನೆಂಟಾಗುತ್ತದೆ. ಹೀಗೆ ಬೆಳೆದ ವಿಳಾಸಗಳು ಮಿಂಚಂಚೆಗಳಲ್ಲಿ ತುಂಡಾಗಿ ಕೆಟ್ಟದ್ದನ್ನು ಕಂಡು, ಕನ್ನಡ ಪದಗಳನ್ನೇ ರೋಮನ್ ಲಿಪಿಯಲ್ಲಿ, ನಡುವೆ ಅಡ್ಡಗೆರೆಯಿಟ್ಟು ಬರೆಯುತ್ತಿದ್ದೇನೆ.

ತಿಂಗಳಿಗೆ ಎರಡು ಲೇಖನ, ಲೇಖನಕ್ಕೆ ಎಂಟು ಹತ್ತು ಫೋಟೊ ಎಂಬ ನನ್ನ ನಡಿಗೆಗೆ ಈ ಕೆಲಸ ಅರ್ಧ ಗಂಟೆಯದು, ಹಣದ ಖರ್ಚು ಏನೂ ಇಲ್ಲ. ಹಲವರು ಸೇರಿ ದಿನವೂ ನೂರಾರು ಚಿತ್ರ ಏರಿಸುವ ತಾಣವಾಗಿದ್ದರೆ, ಸ್ವಂತ ಉಪಡೊಮೇನ್‌ನೊಡನೆ ಸಿಡಿಎನ್ ಅನ್ನೇ ಆರಿಸಿಕೊಳ್ಳುತ್ತಿದ್ದೆ. ಪ್ಲಗಿನ್‌ಗೇ ಹೋಗುವವರು ಹಣ ಕಟ್ಟುವ ಮುನ್ನ, ಅದನ್ನು ಪ್ರಯೋಗಕ್ಕೆ ಹಾಕಿದ ಪುಟವೊಂದರ ಎಚ್‌ಟಿಎಂಎಲ್ ಮೂಲವನ್ನು ತೆರೆದು, ‘ಸೋರ್ಸ್’ನಲ್ಲಿ ಚಿತ್ರದ ನಿಜವಾದ ವಿಳಾಸ ಇದೆಯೇ ಎಂದು ನೋಡಿಕೊಳ್ಳಬೇಕು. ನನ್ನ ಚಿತ್ರಗಳು ಒಂದೊಂದಾಗಿ ಹುಡುಕಾಟಕ್ಕೆ ಮರಳುತ್ತಿವೆ. ಚೈನ್ ಲೇಖನದ ಒಂಬತ್ತರಲ್ಲಿ ಆರು ಬಂದಿವೆ, ಮೂರು ಇನ್ನೂ ಬರಬೇಕಿದೆ.