ಫ್ಲಾರೆನ್ಸ್ ಊರನ್ನು ಮೇಲಿಂದ ನೋಡಲು ಯಾವುದನ್ನು ಹತ್ತಬೇಕು, ಎಷ್ಟು ಹೊತ್ತಿಗೆ?

ಇಟಲಿಯ ಫ್ಲಾರೆನ್ಸ್‌ಗೆ ಹೋದವರು ಎಲ್ಲಾದರೂ ಒಂದು ಕಡೆ ಮೇಲೆ ಹತ್ತಿ ಊರು ನೋಡಲೇಬೇಕು. ಕೆಳಗೆ ಬೀದಿಗಳು ಬಹಳ ಇಕ್ಕಟ್ಟು, ಎರಡೂ ಪಕ್ಕ ಎತ್ತರದ ಕಲ್ಲಿನ ಮನೆಗಳು. ಡುವೋಮೋ ಅಂತ ಕರೆಯುವ ದೊಡ್ಡ ಚರ್ಚಿನ ಮುಂಬಾಗಿಲ ಎದುರೇ ನಿಂತರೂ ಅದರ ಗುಮ್ಮಟ ಪೂರ್ತಿ ಕಾಣುವುದಿಲ್ಲ. ಮೇಲೆ ಹೋದ ಮೇಲೇ ಊರು ಅರ್ಥವಾಗುವುದು. ಕೆಂಪು ಹೆಂಚಿನ ಮಾಡುಗಳು, ಅವುಗಳ ನಡುವೆ ಎದ್ದು ನಿಂತ ಗುಮ್ಮಟ, ಆಚೆ ಆರ್ನೊ ನದಿ, ಸುತ್ತ ಗುಡ್ಡಗಳು.

ಹತ್ತಲು ಮುಖ್ಯವಾಗಿ ನಾಲ್ಕು ಜಾಗಗಳಿವೆ. ಡುವೋಮೋದ ಗುಮ್ಮಟ, ಅದರ ಪಕ್ಕದ ಗಂಟೆಗೋಪುರ, ಪಲಾತ್ಸೊ ವೆಕ್ಕಿಯೊ ಅರಮನೆಯ ಗೋಪುರ, ಮತ್ತೆ ನದಿಯಾಚೆಯ ಗುಡ್ಡ. ನಾಲ್ಕನ್ನೂ ಹತ್ತಿ ನೋಡಿದ್ದೇನೆ. ದುಡ್ಡು ಕೊಟ್ಟು ಒಂದನ್ನೇ ಹತ್ತುವುದಾದರೆ ಗಂಟೆಗೋಪುರ ಹತ್ತಿ, ಅದೂ ಮಧ್ಯಾಹ್ನದ ಮೇಲೆ. ಗುಡ್ಡಕ್ಕೆ ಬೆಳಗ್ಗೆ ಹೋಗಿ. ಹೆಚ್ಚಿನವರು ಮಾಡುವುದು ಇದಕ್ಕೆ ಉಲ್ಟಾ. ಬೆಳಗ್ಗೆ ಎದ್ದು ಗೋಪುರಕ್ಕೆ ಓಡುತ್ತಾರೆ, ಸಂಜೆ ಗುಡ್ಡಕ್ಕೆ ಹೋಗುತ್ತಾರೆ. ಹಾಗೆ ಮಾಡಿದರೆ ಎರಡು ಕಡೆಯೂ ಬಿಸಿಲು ನಮ್ಮ ಕಣ್ಣಿಗೇ ಹೊಡೆಯುತ್ತದೆ.

ಯಾಕೆ ಅಂದರೆ, ಗಂಟೆಗೋಪುರ ಇರುವುದು ಚರ್ಚಿನ ಪಶ್ಚಿಮದ ತುದಿಯಲ್ಲಿ. ಗುಮ್ಮಟ ಇರುವುದು ಪೂರ್ವದ ತುದಿಯಲ್ಲಿ. ಬೆಳಗ್ಗೆ ಗೋಪುರದ ಮೇಲಿಂದ ನೋಡಿದರೆ ಸೂರ್ಯ ಗುಮ್ಮಟದ ಹಿಂದೆ ಇರುತ್ತಾನೆ. ಗುಮ್ಮಟ ಕಪ್ಪಗೆ ಕಾಣುತ್ತದೆ, ಫೋಟೋನೂ ಚೆನ್ನಾಗಿ ಬರುವುದಿಲ್ಲ. ಮೂರು, ನಾಲ್ಕು ಗಂಟೆ ಹೊತ್ತಿಗೆ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಹೆಂಚಿನ ಮೇಲೆ ಬೀಳುತ್ತದೆ. ಆಗ ಹೆಂಚಿನ ಕೆಂಪು, ನಡುವಿನ ಬಿಳಿ ಪಟ್ಟಿಗಳು, ತುದಿಯಲ್ಲಿ ನಿಂತ ಪುಟ್ಟ ಪುಟ್ಟ ಜನ ಎಲ್ಲ ಸ್ಪಷ್ಟ. ಟಿಕೆಟ್ ತಗೊಳ್ಳುವಾಗ ವೇಳೆ ಕೇಳಿದರೆ ಮಧ್ಯಾಹ್ನದ ನಂತರದ್ದನ್ನೇ ಆರಿಸಿ.

ಗಂಟೆಗೋಪುರ 84 ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಎತ್ತರ. 414 ಮೆಟ್ಟಿಲು, ಲಿಫ್ಟ್ ಇಲ್ಲ. ಆದರೆ ನಡುವೆ ಮಹಡಿಗಳು ಸಿಗುತ್ತವೆ. ಅಲ್ಲಿ ದೊಡ್ಡ ದೊಡ್ಡ ಕಿಟಕಿಗಳ ಹತ್ತಿರ ಕೂತು ಉಸಿರು ತಗೊಳ್ಳಬಹುದು. ಈ ಅನುಕೂಲ ಗುಮ್ಮಟದಲ್ಲಿ ಅಷ್ಟಾಗಿ ಇಲ್ಲ. ಚಿತ್ರಕಾರ ಜೊತ್ತೊ 1334ರಲ್ಲಿ ಈ ಗೋಪುರ ಶುರು ಮಾಡಿದ, 1337ರಲ್ಲಿ ತೀರಿಕೊಂಡ. ಆಮೇಲೆ ಆಂದ್ರೆಯಾ ಪಿಸಾನೊ, ಕೊನೆಗೆ ಫ್ರಾಂಚೆಸ್ಕೊ ತಾಲೆಂತಿ ಅದನ್ನು ಮುಂದುವರಿಸಿದರು. 1359ರಲ್ಲಿ ಕೆಲಸ ಮುಗಿಯಿತು. ಮೇಲೆ ಚೂಪಾದ ಶಿಖರ ಬರಬೇಕಿತ್ತು. ತಾಲೆಂತಿ ಅದನ್ನು ಬಿಟ್ಟು ಸಪಾಟಾದ ತಾರಸಿ ಮಾಡಿದ. ನಾವು ಇವತ್ತು ಮೇಲೆ ನಿಲ್ಲಲು ಜಾಗ ಸಿಕ್ಕಿರುವುದು ಅದರಿಂದಲೇ. ಒಂದು ಕೊರತೆ ಅಂದರೆ ಸುತ್ತಲೂ ತಂತಿಬಲೆ ಹಾಕಿದ್ದಾರೆ. ಮೊಬೈಲ್ ಲೆನ್ಸನ್ನು ಬಲೆಯ ಕಣ್ಣಿಗೆ ಹತ್ತಿರ ಹಿಡಿದರೆ ಚಿತ್ರ ಸರಿಯಾಗಿ ಬರುತ್ತದೆ, ದೊಡ್ಡ ಕ್ಯಾಮೆರಾದವರಿಗೆ ಸ್ವಲ್ಪ ಕಿರಿಕಿರಿ.

ಇನ್ನು ಗುಮ್ಮಟ. ಎಲ್ಲರೂ ಇದಕ್ಕೇ ಮುಗಿಬೀಳುತ್ತಾರೆ. 463 ಮೆಟ್ಟಿಲು, ಇಲ್ಲೂ ಲಿಫ್ಟ್ ಇಲ್ಲ. ದಿನ, ವೇಳೆ ಮೊದಲೇ ಕಾಯ್ದಿರಿಸಬೇಕು, ಆ ವೇಳೆ ತಪ್ಪಿದರೆ ಬದಲಾಯಿಸಿ ಕೊಡುವುದಿಲ್ಲ. ನಾನು ಹೋದಾಗ ಗುಮ್ಮಟ ಸೇರಿದ ಟಿಕೆಟ್‌ಗೆ 30 ಯೂರೋ, ಗಂಟೆಗೋಪುರ ಸೇರಿ ಗುಮ್ಮಟ ಬಿಟ್ಟದ್ದಕ್ಕೆ 20 ಯೂರೋ ಇತ್ತು. ಎರಡರಲ್ಲೂ ಡುವೋಮೋ ಮ್ಯೂಸಿಯಂ, ಬ್ಯಾಪ್ಟಿಸ್ಟರಿ (ಚರ್ಚಿನ ಎದುರಿನ ದೀಕ್ಷಾಸ್ನಾನದ ಕಟ್ಟಡ) ಸೇರಿರುತ್ತವೆ. ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ, ರೂಮಿನಲ್ಲೇ ಇಟ್ಟು ಬನ್ನಿ.

ಬರೀ ನೋಟಕ್ಕಾಗಿ ಗುಮ್ಮಟ ಹತ್ತುವುದಾದರೆ ನನ್ನ ಮಟ್ಟಿಗೆ ಅದು ಬೇಡ. ಗುಮ್ಮಟದ ಮೇಲೆ ನಿಂತಾಗ ಊರೆಲ್ಲ ಕಾಣುತ್ತದೆ, ಗುಮ್ಮಟ ಒಂದೇ ಕಾಣುವುದಿಲ್ಲ. ಫ್ಲಾರೆನ್ಸ್‌ನಲ್ಲಿ ಕಣ್ಣು ಹುಡುಕುವುದೇ ಅದನ್ನು, ಅಲ್ವಾ?

ಆದರೆ ಅದನ್ನು ಕಟ್ಟಿದ್ದು ಹೇಗೆ ಅಂತ ಕುತೂಹಲ ಇರುವವರು ಇದನ್ನು ಬಿಡಲೇಬಾರದು. ಫಿಲಿಪ್ಪೊ ಬ್ರುನೆಲ್ಲೆಸ್ಕಿ 1420ರಿಂದ 1436ರವರೆಗೆ ಇದನ್ನು ಕಟ್ಟಿಸಿದ. ಒಳ ಅಗಲ 45 ಮೀಟರ್ ಹತ್ತಿರ. ಅಷ್ಟು ಅಗಲಕ್ಕೆ ನೆಲದಿಂದ ಮರದ ಆಸರೆ ಕೊಡದೆ ಕಟ್ಟಿದರು. ಗುಮ್ಮಟಕ್ಕೆ ಎರಡು ಚಿಪ್ಪು, ಒಳಗೊಂದು ಹೊರಗೊಂದು. ನಮ್ಮ ಮೆಟ್ಟಿಲು ಹೋಗುವುದು ಆ ಎರಡರ ನಡುವಿನ ಸಂದಿಯಲ್ಲಿ. ಮೇಲೆ ಹೋದಂತೆ ಗೋಡೆ ನಮ್ಮ ಮೇಲೆ ಬಾಗುತ್ತಾ ಬರುತ್ತದೆ, ತಲೆ ತಗ್ಗಿಸಿ ಓರೆಯಾಗಿ ನಡೆಯಬೇಕು. ಅಲ್ಲೇ ಗೋಡೆ ನೋಡಿ. ಅಡ್ಡ ಇಟ್ಟ ಇಟ್ಟಿಗೆಗಳ ಸಾಲಿನ ನಡುವೆ ಅಲ್ಲಲ್ಲಿ ಇಟ್ಟಿಗೆಗಳನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ಗಾರೆ ಗಟ್ಟಿಯಾಗುವವರೆಗೂ ಅಡ್ಡ ಇಟ್ಟಿಗೆಗಳು ಜಾರದ ಹಾಗೆ ಈ ನಿಂತ ಇಟ್ಟಿಗೆಗಳು ಹಿಡಿದುಕೊಳ್ಳುತ್ತವೆ. ಸುಮಾರು 600 ವರ್ಷ ಹಿಂದಿನ ಆ ಉಪಾಯವನ್ನು ಒಂದು ಅಡಿ ದೂರದಿಂದ ನೋಡುವುದು ಬೇರೆಲ್ಲೂ ಸಿಗುವುದಿಲ್ಲ.

ವಿಜಯಪುರದ ಗೋಲಗುಮ್ಮಟ ಹತ್ತಿದವರಿಗೆ ಇಲ್ಲಿ ಇನ್ನೂ ಹೆಚ್ಚು ಖುಷಿಯಾಗುತ್ತದೆ. ಅಲ್ಲಿ ಮೂಲೆಯ ಏಳಂತಸ್ತಿನ ಗೋಪುರದ ಮೆಟ್ಟಿಲು ಹತ್ತಿ ಗುಮ್ಮಟದ ಬುಡಕ್ಕೆ ಬರುತ್ತೇವೆ. ಒಳ ಅಗಲ ಸುಮಾರು 38 ಮೀಟರ್. ಅದಕ್ಕೆ ಒಂದೇ ಚಿಪ್ಪು, ದಪ್ಪ ಗೋಡೆ. ಒಂದನ್ನೊಂದು ದಾಟುವ ಕಮಾನುಗಳು ಅದರ ಭಾರ ಹೊರುತ್ತವೆ. ಫ್ಲಾರೆನ್ಸ್‌ನದು ಎಂಟು ಮುಖದ್ದು, ಭಾರ ಕಡಿಮೆಯಾಗಲಿ ಅಂತ ಎರಡು ಚಿಪ್ಪಾಗಿ ಕಟ್ಟಿದ್ದು. ಒಂದೇ ಕಷ್ಟಕ್ಕೆ ಎರಡು ಊರಿನ ಮೇಸ್ತ್ರಿಗಳು ಕಂಡುಕೊಂಡ ಎರಡು ದಾರಿ. ಅದನ್ನು ಹೋಲಿಸಿ ನೋಡುವ ಅವಕಾಶ ಕನ್ನಡಿಗರಾದ ನಮಗೆ ಸುಲಭವಾಗಿ ಸಿಕ್ಕಿದೆ ಅಂತ ನನಗೆ ನಿಜವಾಗಿ ಹೆಮ್ಮೆ.

ಹತ್ತುವ ದಾರಿಯಲ್ಲೇ ಗುಮ್ಮಟದ ಒಳಗಿನ ಚಿತ್ರಕ್ಕೆ ಹತ್ತಿರವಾಗಿ ನಡೆಯುತ್ತೇವೆ. ಸತ್ತವರಿಗೆಲ್ಲ ದೇವರು ಕೊಡುವ ಕೊನೆಯ ತೀರ್ಪಿನ ಆ ಚಿತ್ರವನ್ನು 1572ರಲ್ಲಿ ಚಿತ್ರಕಾರ ವಸಾರಿ ಶುರು ಮಾಡಿದ, 1579ರಲ್ಲಿ ತ್ಸುಕ್ಕಾರಿ ಮುಗಿಸಿದ. ಕೆಳಗಿಂದ ಸಣ್ಣದಾಗಿ ಕಂಡ ರಾಕ್ಷಸರು ಇಲ್ಲಿ ಮನುಷ್ಯರಿಗಿಂತ ದೊಡ್ಡದಾಗಿ ಎದುರಿಗೆ ಬರುತ್ತಾರೆ. ಇಕ್ಕಟ್ಟು ಜಾಗದಲ್ಲಿ ಹೆದರಿಕೆ ಆಗುವವರು, ಮಂಡಿ ನೋವಿರುವವರು ಮಾತ್ರ ದಯವಿಟ್ಟು ಗುಮ್ಮಟದ ಸಾಹಸಕ್ಕೆ ಹೋಗಬೇಡಿ. ಕೊನೆಯ ಮೆಟ್ಟಿಲುಗಳು ತುಂಬಾ ಕಡಿದು.

ಅರಮನೆಯ ಗೋಪುರದ ಹೆಸರು ಕಡಿಮೆ ಕೇಳಿಬರುತ್ತದೆ. ಆದರೆ ನನಗೆ ಇದು ಬಹಳ ಇಷ್ಟ. 1299ರಲ್ಲಿ ಶುರುವಾದ ಪಲಾತ್ಸೊ ವೆಕ್ಕಿಯೊದ ಗೋಪುರ, ಸುಮಾರು 94 ಮೀಟರ್ ಎತ್ತರ. ಗುಮ್ಮಟ, ಗಂಟೆಗೋಪುರ ಎರಡೂ ಒಂದೇ ನೋಟದಲ್ಲಿ ಇಷ್ಟು ಹತ್ತಿರ ಸಿಗುವುದು ಇಲ್ಲಿಂದಲೇ. ಡುವೋಮೋ ಇಲ್ಲಿಂದ ಉತ್ತರಕ್ಕೆ ಬರುತ್ತದೆ, ಹಾಗಾಗಿ ಹೊತ್ತಿನ ಚಿಂತೆ ಇಲ್ಲ, ಬಿಸಿಲು ಯಾವಾಗಲೂ ಪಕ್ಕದಿಂದಲೋ ಹಿಂದಿನಿಂದಲೋ ಬೀಳುತ್ತದೆ. ಹತ್ತುವಾಗ ಒಂದು ಚಿಕ್ಕ ಕೋಣೆ ಸಿಗುತ್ತದೆ. 1433ರಲ್ಲಿ ಊರಿನ ಶ್ರೀಮಂತ ಬ್ಯಾಂಕರ್ ಕೋಸಿಮೊ ಮೆದಿಚಿಯನ್ನು, 1498ರಲ್ಲಿ ಸನ್ಯಾಸಿ ಸವೊನರೋಲನನ್ನು ಕೂಡಿಹಾಕಿದ್ದು ಅದರಲ್ಲಿ. ಗಡೀಪಾರಾದ ಕೋಸಿಮೊ ಮರುವರ್ಷ ಊರಿಗೆ ಮರಳಿ ಅಧಿಕಾರ ಹಿಡಿದ. ಸವೊನರೋಲನನ್ನು ಕೆಳಗಿನ ಚೌಕದಲ್ಲೇ ಗಲ್ಲಿಗೇರಿಸಿ ಸುಟ್ಟರು. ಮಳೆ ಬಂದರೆ ಗೋಪುರ ಮುಚ್ಚುತ್ತಾರೆ, ಅದೊಂದು ಗಮನದಲ್ಲಿರಲಿ. ಇಳಿದ ಮೇಲೆ ಅರಮನೆಯ ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ ಇದೆ, ಬಾಟಲಿ ತುಂಬಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ.

ನದಿಯಾಚೆಯ ಗುಡ್ಡದಲ್ಲಿ ಎರಡು ಜಾಗ. ಮೊದಲು ಸಿಗುವುದು ಪಿಯಾತ್ಸಾಲೆ ಮೈಕೆಲ್ಯಾಂಜೆಲೊ ಅನ್ನುವ ದೊಡ್ಡ ಬಯಲು. ಫ್ಲಾರೆನ್ಸ್ ಇಟಲಿಯ ರಾಜಧಾನಿಯಾಗಿದ್ದ ಕಾಲದಲ್ಲಿ, 1869ರಲ್ಲಿ, ಜುಸೆಪ್ಪೆ ಪೊಜ್ಜಿ ಇದನ್ನು ರೂಪಿಸಿದ. ಟಿಕೆಟ್ ಇಲ್ಲ. ಸಂಜೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಗಿಟಾರ್, ಬಿಯರ್, ಸೆಲ್ಫಿ ಕೋಲು ಮಾರುವವರು. ಮುಳುಗುವ ಸೂರ್ಯ ಚಂದ, ಆದರೆ ಊರು ನೆರಳಾಗಿ ಕಾಣುತ್ತದೆ. ಬೆಳಗ್ಗೆ ಎಂಟರೊಳಗೆ ಹೋಗಿ ನೋಡಿ. ಗುಡ್ಡ ಇರುವುದು ಊರಿನ ಆಗ್ನೇಯಕ್ಕೆ. ಮೂಡಣದ ಬಿಸಿಲು ಗುಮ್ಮಟದ ನಮ್ಮ ಕಡೆಯ ಮುಖಕ್ಕೇ ಬೀಳುತ್ತದೆ, ಜನಾನೂ ಇರುವುದಿಲ್ಲ.

ಅಮ್ಮನಿಗೆ ಮೆಟ್ಟಿಲು ಆಗುವುದಿಲ್ಲ. ಅವರನ್ನು 12ನೇ ನಂಬರಿನ ಬಸ್ಸಿನಲ್ಲಿ ಕರೆದುಕೊಂಡು ಹೋದೆ, ಬಸ್ ಬಯಲಿನ ತನಕ ಬಿಡುತ್ತದೆ. 13 ಕೂಡ ಹೋಗುತ್ತದೆ. "ಇಷ್ಟು ಕಂಡರೆ ಸಾಕಲ್ಲೋ, ಇನ್ಯಾಕೆ ಗೋಪುರ?" ಅಂದರು. ಅವರ ಮಾತು ಒಪ್ಪಬೇಕಾದ್ದೇ. ಹಿರಿಯರ ಜೊತೆ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಡೆಯಬಲ್ಲವರು ಇಳಿಯುವಾಗ ಗುಲಾಬಿ ತೋಟದ ದಾರಿ ಹಿಡಿಯಿರಿ.

ಬಯಲಿನಿಂದ ಇನ್ನೂ ಸ್ವಲ್ಪ ಮೇಲೆ ಸಾನ್ ಮಿನಿಯಾತೊ ಚರ್ಚ್ ಇದೆ. ಅರ್ಧಕ್ಕರ್ಧ ಜನ ಕೆಳಗಿಂದಲೇ ವಾಪಸ್ ಹೋಗುತ್ತಾರೆ, ಅದು ನನಗೆ ಬೇಜಾರು. 1018ರಲ್ಲಿ ಶುರುವಾದ ಚರ್ಚ್, ಮುಂಗೋಡೆಗೆ ಬಿಳಿ, ಹಸಿರು ಅಮೃತಶಿಲೆ. ಒಳಗೆ ನೆಲದಲ್ಲಿ 1207ರ ರಾಶಿಚಕ್ರ. ಸಂಜೆಯೇ ಗುಡ್ಡಕ್ಕೆ ಹೋಗಬೇಕು ಅನ್ನುವವರು ಬಯಲು ಬಿಟ್ಟು ಇಲ್ಲಿಗೆ ಬನ್ನಿ. ಸನ್ಯಾಸಿಗಳ ಸಂಜೆ ಪ್ರಾರ್ಥನೆಯ ಹಾಡು ಕೇಳಬಹುದು, ಮೆಟ್ಟಿಲ ಮೇಲಿಂದ ನೋಟವೂ ಬಯಲಿಗಿಂತ ಒಂದು ಕೈ ಮೇಲು. ಬಟ್ಟೆ ಭುಜ, ಮಂಡಿ ಮುಚ್ಚುವ ಹಾಗಿರಲಿ.

ಗುಮ್ಮಟದ ಟಿಕೆಟ್ ಖಾಲಿಯಾಗಿದ್ದರೆ ದಲ್ಲಾಳಿಗಳಿಗೆ ದುಪ್ಪಟ್ಟು ಕೊಡಬೇಡಿ. ಗಂಟೆಗೋಪುರ ಸೇರಿದ ಟಿಕೆಟನ್ನೇ ತಗೊಂಡು ಡುವೋಮೋ ಮ್ಯೂಸಿಯಂಗೆ ಎರಡು ಗಂಟೆ ಇಡಿ. ಶಿಲ್ಪಿ ಗಿಬೆರ್ತಿ ಬ್ಯಾಪ್ಟಿಸ್ಟರಿಗೆ ಮಾಡಿದ ಚಿನ್ನ ಲೇಪಿಸಿದ ಕಂಚಿನ ಬಾಗಿಲು, ಗಂಟೆಗೋಪುರದ ಮೇಲಿದ್ದ ದೊನತೆಲ್ಲೊನ ಶಿಲ್ಪಗಳು, ಮೈಕೆಲ್ಯಾಂಜೆಲೊ ಮುಗಿಸದೆ ಬಿಟ್ಟ ಪಿಯೆತಾ (ಸತ್ತ ಏಸುವನ್ನು ಹಿಡಿದುಕೊಂಡಿರುವ ಶಿಲ್ಪ), ಎಲ್ಲದರ ಮೂಲ ಇರುವುದು ಅಲ್ಲಿ. ಹೊರಗೆ ಬಾಗಿಲಲ್ಲಿ, ಗೋಪುರದಲ್ಲಿ ನಾವು ನೋಡುವುದು ನಕಲು. ಆ ಮ್ಯೂಸಿಯಂನ ಮೇಲೂ ಒಂದು ತಾರಸಿ ಇದೆ. ಗುಮ್ಮಟ ಅಲ್ಲಿಂದ ಕಣ್ಣೆದುರೇ ಇರುತ್ತದೆ, ಅಲ್ಲಿಗೆ ಲಿಫ್ಟ್ ಕೂಡ ಇದೆ.